ಬಸ್ಸು ಆಚೆ ಬದಿಗೆ ನಿಲ್ಲುತ್ತದೆ: ಹೊಸಪೇಟೆ ಸುತ್ತಿನ ಹೆದ್ದಾರಿಗಳಲ್ಲಿ ನಿಲ್ದಾಣ ತಲುಪುವ ದಾರಿಯ ಬಗ್ಗೆ ಒಂದು ಸಂಶೋಧನಾ ಟಿಪ್ಪಣಿ

ಹೆದ್ದಾರಿ ಪಕ್ಕದ ಹಳ್ಳಿಯಿಂದ ಬಸ್ಸು ಹತ್ತಿ ಪೇಟೆಗೆ ಹೋಗಿ ಸಂಜೆ ಅದೇ ಬಸ್ಸಿನಲ್ಲಿ ಮರಳುವವರು ಆ ಹೆದ್ದಾರಿಯನ್ನು ಒಮ್ಮೆ ನಡೆದು ದಾಟಲೇಬೇಕು. ಪೇಟೆಗೆ ಹೋಗುವ ಬಸ್ಸು ಹಳ್ಳಿಯ ಮಗ್ಗುಲಿಗೇ ನಿಂತರೆ ಸಂಜೆ ಆಚೆ ಬದಿಗೆ ಇಳಿಯಬೇಕಾಗುತ್ತದೆ. ಬೆಳಿಗ್ಗೆ ಆಚೆ ಬದಿಗೆ ಹೋಗಿ ಹತ್ತಿದವರು ಸಂಜೆ ಮನೆಯ ಕಡೆಗೇ ಇಳಿಯುತ್ತಾರೆ. ಹೇಗೆ ನೋಡಿದರೂ ಒಂದು ಪ್ರಯಾಣಕ್ಕೆ ಒಂದು ಸಲ ದಾಟುವುದು ತಪ್ಪದು. ಚೌಕಾಸಿಯಿಲ್ಲದ ಈ ಲೆಕ್ಕ ಎಷ್ಟು ಸರಳವೆಂದರೆ ರಸ್ತೆಯ ನಕ್ಷೆ ಬರೆಯುವಾಗ ಅದು ಯಾರ ಕಣ್ಣಿಗೂ ಬೀಳದೆ ಹೋಗಿದೆ. ಬಸ್ ತಂಗುದಾಣ ಒಬ್ಬರ ಕಾಮಗಾರಿ, ರಸ್ತೆ ಇನ್ನೊಬ್ಬರದು, ಎರಡರ ನಡುವೆ ದಾಟುವ ಜಾಗ ಯಾರದೂ ಅಲ್ಲ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದಲ್ಲಿ ಕಾಲ್ನಡಿಗೆಯವರ ಮತ್ತು ಸೈಕಲ್ಲಿನವರ ಸುರಕ್ಷತೆಯ ಪ್ರಶ್ನೆ ಬಹುಮಟ್ಟಿಗೆ ಈ ಯಾರದೂ ಅಲ್ಲದ ಜಾಗದ ಪ್ರಶ್ನೆ ಎಂಬುದು ಈ ಟಿಪ್ಪಣಿಯ ವಾದ.

ಈ ಸೀಮೆಯ ರಸ್ತೆಗಳು

ಹೊಸಪೇಟೆಯಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ವಿಜಯಪುರದ ಕಡೆಯಿಂದ ಬಂದು ಮರಿಯಮ್ಮನಹಳ್ಳಿ, ಕೂಡ್ಲಿಗಿ ಮೂಲಕ ಚಿತ್ರದುರ್ಗಕ್ಕೆ ಹೋಗುವುದು ಈಗಿನ 50. ಹಳಬರ ಬಾಯಲ್ಲಿ ಅದಿನ್ನೂ 13. ಹುಬ್ಬಳ್ಳಿ, ಗದಗ, ಕೊಪ್ಪಳದಿಂದ ಬಂದು ತೋರಣಗಲ್ಲು, ಕುಡತಿನಿ ದಾಟಿ ಬಳ್ಳಾರಿಗೆ ಹೋಗುವುದು ಈಗಿನ 67, ಹಿಂದಿನ 63. ಮೊದಲನೆಯದು ನಾಲ್ಕು ಪಥವಾಗಿದೆ. ಎರಡನೆಯದರ ಹೊಸಪೇಟೆ–ಬಳ್ಳಾರಿ ಭಾಗದ ಅಗಲೀಕರಣ ವರ್ಷಗಟ್ಟಲೆ ಎಳೆದಾಡಿತು. ಕಾರಿಗನೂರು, ಪಾಪಿನಾಯಕನಹಳ್ಳಿ, ಗಾದಿಗನೂರಿನ ಜನ ಪೂರ್ತಿ ರಸ್ತೆಯೂ ಅಲ್ಲದ, ಪೂರ್ತಿ ಕಾಮಗಾರಿಯೂ ಅಲ್ಲದ ಸ್ಥಿತಿಯನ್ನು ಬಹಳ ಕಾಲ ಅನುಭವಿಸಿದರು. ಇದೇ ಹೆದ್ದಾರಿಯ ಜೊತೆಜೊತೆಗೆ ಗುಂತಕಲ್–ಹುಬ್ಬಳ್ಳಿ ರೈಲುಮಾರ್ಗವೂ ಸಾಗುತ್ತದೆ. ಹೀಗಾಗಿ ಹಲವು ಹಳ್ಳಿಗಳವರಿಗೆ ದಾಟಲು ಹಳಿಯೂ ಉಂಟು, ಹೆದ್ದಾರಿಯೂ ಉಂಟು. ಹಳಿಯನ್ನು ಅಡ್ಡಾದಿಡ್ಡಿ ದಾಟಿದರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅತಿಕ್ರಮ ಪ್ರವೇಶದ ಅಪರಾಧವಾಗುತ್ತದೆ. ರೈಲ್ವೆಯವರು ಕಾಲ್ನಡಿಗೆಯವನನ್ನು ಅಪರಾಧಿಯೆಂದಾದರೂ ಗುರುತಿಸುತ್ತಾರೆ. ಹೆದ್ದಾರಿಯ ವಿನ್ಯಾಸ ಅಷ್ಟು ಗುರುತನ್ನೂ ಕೊಟ್ಟಿಲ್ಲ.

ಈ ಎರಡಕ್ಕಿಂತ ಬೇರೆ ಜಾತಿಯವು ಹೊಸಪೇಟೆಯಿಂದ ಕಮಲಾಪುರ, ಬುಕ್ಕಸಾಗರ, ರಾಮಸಾಗರದ ಮೂಲಕ ಕಂಪ್ಲಿಗೆ ಹೋಗುವ ರಸ್ತೆ ಮತ್ತು ಹೊಸಪೇಟೆ–ಸಂಡೂರು ರಸ್ತೆ. ಕಂಪ್ಲಿಗೂ ಸಂಡೂರಿಗೂ ಹೊಸಪೇಟೆಯಿಂದ ಹೆಚ್ಚುಕಡಿಮೆ 30 ಕಿ.ಮೀ. ಆದರೆ ಒಂದರಲ್ಲಿ ಕಬ್ಬು, ಭತ್ತ, ಬಾಳೆ, ಇನ್ನೊಂದರಲ್ಲಿ ಅದಿರು. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆಗೆ ಸೇರಿದವು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಬಸ್ಸಿಗೆ ಈ ಗಡಿ ಗೊತ್ತಿಲ್ಲ, ಕಡತಕ್ಕೆ ಗೊತ್ತು. ಅದರ ಪರಿಣಾಮವನ್ನು ಮುಂದೆ ನೋಡೋಣ.

ದಾಟುವುದರ ಲೆಕ್ಕ

ನಾಲ್ಕು ಪಥದ ಹೆದ್ದಾರಿಯ ಒಂದು ಬದಿಯಲ್ಲಿ ಎರಡು ಪಥ ಸೇರಿ 7 ಮೀಟರ್, ಟಾರು ಹಾಕಿದ ಅಂಚು 1.5 ಮೀಟರ್, ಒಟ್ಟು 8.5 ಮೀಟರ್ ಎಂದುಕೊಳ್ಳೋಣ. ಸೆಕೆಂಡಿಗೆ 1.2 ಮೀಟರ್ ನಡೆಯುವ ಗಟ್ಟಿ ಆಳು ಡಿವೈಡರ್ ಮುಟ್ಟಲು ಏಳು ಸೆಕೆಂಡು ಬೇಕು. 80 ಕಿ.ಮೀ. ವೇಗದ ಲಾರಿ ಅಷ್ಟರಲ್ಲಿ 155 ಮೀಟರಿಗೂ ಹೆಚ್ಚು ಬಂದಿರುತ್ತದೆ. ತಲೆಯ ಮೇಲೆ ಗಂಟು ಹೊತ್ತ ಅಜ್ಜಿಯ ನಡಿಗೆ ಸೆಕೆಂಡಿಗೆ 0.8 ಮೀಟರ್ ಇದ್ದರೆ ಅವಳಿಗೆ ಹನ್ನೊಂದು ಸೆಕೆಂಡು ಹಿಡಿಯುತ್ತದೆ; ಲಾರಿ 235 ಮೀಟರ್ ದೂರದಲ್ಲಿದ್ದಾಗಲೇ ಅವಳು ಹೆಜ್ಜೆ ಇಟ್ಟಿರಬೇಕು. ಅಷ್ಟು ದೂರದ ವಾಹನದ ವೇಗವನ್ನು ಬರಿಗಣ್ಣಿನಿಂದ ಅಳೆಯುವುದು ಕಣ್ಣು ಚುರುಕಾಗಿರುವವರಿಗೂ ಕಷ್ಟ. ಕತ್ತಲಾದ ಮೇಲೆ ಹೆಡ್‌ಲೈಟಿನ ಗಾತ್ರ ನೋಡಿ ಅಂದಾಜು ಮಾಡಬೇಕು.

ಚಾಲಕನ ಕಡೆಯಿಂದಲೂ ನೋಡಬೇಕು. 80 ಕಿ.ಮೀ. ವೇಗದಲ್ಲಿ ಸುರಕ್ಷಿತವಾಗಿ ನಿಲ್ಲಲು ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಹೇಳುವ ದೂರ 120 ಮೀಟರ್, 100 ಕಿ.ಮೀ.ಗೆ 180 ಮೀಟರ್, 50 ಕಿ.ಮೀ.ಗೆ 60 ಮೀಟರ್. ರಾತ್ರಿ ಡಿಪ್ ಲೈಟಿನಲ್ಲಿ ಮುಂದೆ ಕಾಣುವುದು ಸುಮಾರು ಐವತ್ತು ಮೀಟರ್. ಬೀದಿದೀಪವಿಲ್ಲದ ಕ್ರಾಸಿನಲ್ಲಿ ಚಾಲಕ ಎಷ್ಟೇ ಒಳ್ಳೆಯವನಾಗಿದ್ದರೂ, ಕಂಡ ಕೂಡಲೇ ಬ್ರೇಕ್ ತುಳಿದರೂ, ನಿಲ್ಲಲಾರ. ಡಿಕ್ಕಿಯ ವೇಗ 50ರಿಂದ 65ಕ್ಕೆ ಏರಿದರೆ ಕಾಲ್ನಡಿಗೆಯವನು ಸಾಯುವ ಸಂಭವ ನಾಲ್ಕೂವರೆ ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ "ನೋಡಿ ದಾಟಿ" ಎಂಬ ಫಲಕಕ್ಕೆ ನಾನು ಹೆಚ್ಚು ಬೆಲೆ ಕೊಡಲಾರೆ. ಎರಡೂ ಕಡೆಯ ಎಚ್ಚರ ಸೇರಿದರೂ ಸಾಲದಷ್ಟು ಅಂತರ ಈ ಅಂಕಿಗಳ ನಡುವೆಯೇ ಇದೆ.

ಇನ್ನು ಡಿವೈಡರ್ ಹಾರುವ ಮಾತು. ಇಳಿದ ಜಾಗದಿಂದ ಅಂಡರ್‌ಪಾಸ್ 600 ಮೀಟರ್ ದೂರವಿದ್ದರೆ ಹೋಗಿ ಬರುವುದಕ್ಕೆ 1,200 ಮೀಟರ್, ಅಂದರೆ ಹದಿನೇಳು ನಿಮಿಷ. ಎದುರಿಗೇ ಕಾಣುವ ತನ್ನ ಊರಿಗೆ ಹದಿನೇಳು ನಿಮಿಷ ಸುತ್ತು ಹಾಕುವವರು ಯಾವ ದೇಶದಲ್ಲೂ ಕಡಿಮೆ. ಸೈಕಲ್ಲಿನವನ ಲೆಕ್ಕವೂ ಇದೇ: ಡಿವೈಡರಿನ ಬಾಯಿ ಒಂದೂವರೆ ಕಿಲೋಮೀಟರ್ ಆಚೆಗಿದ್ದರೆ ಮೂರು ಕಿಲೋಮೀಟರ್ ಹೆಚ್ಚಿಗೆ ತುಳಿಯಬೇಕು; ಬದಲಿಗೆ ಅವನು ರಾಂಗ್ ಸೈಡಿನಲ್ಲಿ ಅಂಚು ಹಿಡಿದು ಬರುತ್ತಾನೆ. ಪೊಲೀಸರು ಇದನ್ನು ಶಿಸ್ತಿನ ಕೊರತೆ ಎನ್ನುತ್ತಾರೆ. ಅಂಚು ಹಿಡಿದು ಉಲ್ಟಾ ಬರುವ ದಾರಿ ಸವೆದಿದ್ದರೆ ಅಲ್ಲೊಂದು ಸರ್ವಿಸ್ ರಸ್ತೆ ಇರಬೇಕಿತ್ತು ಎಂದು ಎಂಜಿನಿಯರ್ ಓದಿಕೊಳ್ಳಬೇಕು.

ಬಸ್ಸು ಎಲ್ಲಿ ನಿಲ್ಲುತ್ತದೆ

ಈ ಭಾಗದಲ್ಲಿ ಬಸ್ ನಿಲ್ಲುವುದು "ಕ್ರಾಸ್"ನಲ್ಲಿ, ಅಂದರೆ ಹಳ್ಳಿಯ ರಸ್ತೆ ಹೆದ್ದಾರಿಯನ್ನು ಕೂಡುವ ಬಾಯಲ್ಲಿ. ಟೀ ಅಂಗಡಿ, ಪಂಕ್ಚರ್ ಅಂಗಡಿ, ಆಟೋ ಸ್ಟ್ಯಾಂಡ್ ಎಲ್ಲ ಅಲ್ಲೇ. ಗ್ರಾಮೀಣ ಹೆದ್ದಾರಿಯ ಬಸ್ ನಿಲುಗಡೆಗಳ ಬಗ್ಗೆ ಐಆರ್‌ಸಿಯ 1981ರ 80ನೇ ಸಂಹಿತೆ ದೊಡ್ಡ ಕೂಡುರಸ್ತೆಗಳಿಂದ ನಿಲುಗಡೆ ದೂರವಿರಲಿ, ಎದುರುಬದುರು ನಿಲುಗಡೆಗಳು ಒಂದಕ್ಕೊಂದು ನೇರಕ್ಕಿರದೆ ಹಿಂದೆಮುಂದೆ ಇರಲಿ ಎನ್ನುತ್ತದೆ. ಹಾಗಿಡುವ ಕಾರಣ ಕುತೂಹಲಕರ. ಇಳಿದವರು ಬಸ್ಸಿನ ಮುಂದಿನಿಂದ ದಾಟಿದರೆ ಬಸ್ಸೇ ಗೋಡೆಯಾಗಿ ಹಿಂದಿನಿಂದ ಓವರ್‌ಟೇಕ್ ಮಾಡಿ ಬರುವ ವಾಹನವನ್ನು ಮರೆಮಾಡುತ್ತದೆ. ಬಸ್ಸು ದಾಟುವ ಜಾಗವನ್ನು ಕಳೆದು ಮುಂದೆ ಹೋಗಿ ನಿಂತರೆ ಇಳಿದವರು ಹಿಂದಕ್ಕೆ ನಡೆದು ಬಸ್ಸಿನ ಬೆನ್ನಿನಿಂದ ದಾಟುತ್ತಾರೆ; ಬರುವ ವಾಹನ ಅವರಿಗೂ ಕಾಣುತ್ತದೆ, ಅವರು ಚಾಲಕನಿಗೂ ಕಾಣುತ್ತಾರೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಜೀವ ಉಳಿಸುವ ಶಕ್ತಿಯಿದೆ.

ನಾಲ್ಕು ಪಥವಾದಲ್ಲಿ ಇನ್ನೊಂದು ತೊಡಕು ಹುಟ್ಟಿಕೊಂಡಿದೆ. ತಂಗುದಾಣ ಸರ್ವಿಸ್ ರಸ್ತೆಯ ಮೇಲಿರುತ್ತದೆ, ಬಸ್ಸು ಮೇಲಿನ ರಸ್ತೆಯಲ್ಲಿ ಹೋಗುತ್ತದೆ. ಸರ್ವಿಸ್ ರಸ್ತೆಗಿಳಿದು ಹತ್ತಿದರೆ ಪ್ರತಿ ಊರಿಗೂ ನಾಲ್ಕೈದು ನಿಮಿಷ ನಷ್ಟ. ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರಿಗೆ ರನ್ನಿಂಗ್ ಟೈಮಿನ ಒತ್ತಡ. ಪರಿಣಾಮವಾಗಿ ಪ್ರಯಾಣಿಕರನ್ನು ಫ್ಲೈಓವರಿನ ಬಾಯಲ್ಲಿ ಇಳಿಸಲಾಗುತ್ತದೆ, ಹತ್ತುವವರೂ ಅಲ್ಲೇ ಕಾಯುತ್ತಾರೆ. ವಾಹನಗಳು ವೇಗ ಬದಲಿಸುವ, ಪಥ ಬದಲಿಸುವ ಜಾಗ ಅದೇ. ಕಟ್ಟಿಸಿದ ತಂಗುದಾಣದಲ್ಲಿ ದನ ಮಲಗಿರುತ್ತವೆ. ಡ್ರೈವರನ್ನು ದೂರುವುದು ಸುಲಭ. ವೇಳಾಪಟ್ಟಿ ಮಾಡಿದವರು ಸರ್ವಿಸ್ ರಸ್ತೆಯ ನಿಮಿಷಗಳನ್ನು ಅದರಲ್ಲಿ ಸೇರಿಸಿದ್ದಾರೆಯೇ ಎಂದು ಮೊದಲು ಕೇಳಬೇಕು.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಿದಂತೆ ಕ್ರಾಸುಗಳಲ್ಲಿ ದಾಟುವವರ ಸಂಖ್ಯೆಯೂ ಹೆಚ್ಚಿತು ಎನ್ನಲು ಬೇರೆ ಸಮೀಕ್ಷೆ ಬೇಕಿಲ್ಲ. ಆರಂಭದಲ್ಲಿ ಹೇಳಿದ ಲೆಕ್ಕವೇ ಸಾಕು. ಟಿಕೆಟ್ಟಿನ ಹಣ ಸರ್ಕಾರ ಕೊಟ್ಟಿತು. ಬಸ್ಸಿಗೆ ಮುಟ್ಟುವ ನೂರು ಮೀಟರಿನ ಬಗ್ಗೆ ಅದೇ ಆದೇಶದಲ್ಲಿ ಒಂದು ಸಾಲು ಇದ್ದಿದ್ದರೆ ಚೆನ್ನಾಗಿತ್ತು.

ಬಸ್ಸು ಸಿಗದವರು ಆಟೋ, ಟಂಟಂ, ಕ್ರೂಸರ್ ಹತ್ತುತ್ತಾರೆ. ಹೆದ್ದಾರಿ ಸುರಕ್ಷತೆಯ ಚರ್ಚೆಯಲ್ಲಿ ಇವನ್ನು ಬಿಡುವಂತಿಲ್ಲ. 2023ರ ಜೂನ್ 30ರಂದು ಬಳ್ಳಾರಿಯಿಂದ ತುಂಗಭದ್ರಾ ಜಲಾಶಯ ನೋಡಲು ಹೊರಟವರಿದ್ದ ಎರಡು ಆಟೋಗಳಿಗೆ ಹೊಸಪೇಟೆ ಬಳಿ ಲಾರಿ ಅಪ್ಪಳಿಸಿ ಏಳು ಮಂದಿ ಸತ್ತರು. ತೀರ ಹಗುರದ ವಾಹನವೂ ತೀರ ಭಾರದ ವಾಹನವೂ ಒಂದೇ ಪಥದಲ್ಲಿ, ಬೇರೆ ಬೇರೆ ವೇಗದಲ್ಲಿ ಹೋಗುವುದು ಇಲ್ಲಿನ ನಿತ್ಯದ ಸ್ಥಿತಿ.

ತೋರಣಗಲ್ಲು, ಸಂಡೂರು: ಅದಿರಿನ ಪಾಲು

ತೋರಣಗಲ್ಲು ಸಂಡೂರು ತಾಲ್ಲೂಕಿನ ಊರು. ಜಿಂದಾಲ್ ಉಕ್ಕಿನ ಕಾರ್ಖಾನೆ, ರೈಲು ಜಂಕ್ಷನ್, ಹೆದ್ದಾರಿ ಎಲ್ಲ ಒಂದೇ ಕಡೆ. ಸುತ್ತಲಿನ ಕುರೆಕುಪ್ಪ, ವಡ್ಡು, ತಾಳೂರು, ಬಸಾಪುರದಿಂದ ಕೆಲಸಕ್ಕೆ ಬರುವವರು ಪಾಳಿ ಬದಲಾಗುವ ಹೊತ್ತಿಗೆ ಹೆದ್ದಾರಿಗೆ ಇಳಿಯುತ್ತಾರೆ. ರಾತ್ರಿ ಪಾಳಿ ಮುಗಿಸಿದವನ ಕಣ್ಣಿನ ಎಚ್ಚರವೂ ಲೋಡ್ ಲಾರಿ ಓಡಿಸುವವನ ಕಣ್ಣಿನ ಎಚ್ಚರವೂ ಒಂದೇ ಹೊತ್ತಿನಲ್ಲಿ ಕುಗ್ಗಿರುತ್ತವೆ. ಇದಕ್ಕೆ ಸಂಡೂರಿನ ಕೆಂಪು ದೂಳು ಸೇರುತ್ತದೆ. ಜೀಬ್ರಾ ಪಟ್ಟಿಯ ಬಿಳಿ ಬಣ್ಣ, ಅಂಚಿನ ರಿಫ್ಲೆಕ್ಟರ್, ಫಲಕ ಎಲ್ಲದರ ಮೇಲೂ ಅದಿರಿನ ಪುಡಿ ಕೂತು, ಬಳಿದ ಪಟ್ಟಿ ರಸ್ತೆಯ ಬಣ್ಣಕ್ಕೇ ತಿರುಗುತ್ತದೆ. ಬೇರೆ ಜಿಲ್ಲೆಗಳಿಗೆ ಸಾಕಾಗುವ ನಿರ್ವಹಣೆಯ ಅವಧಿ ಇಲ್ಲಿಗೆ ಸಾಲದು. ಗುತ್ತಿಗೆಯ ಷರತ್ತಿನಲ್ಲೇ ತೊಳೆಯುವ ಕೆಲಸವನ್ನು ಪ್ರತ್ಯೇಕವಾಗಿ ಬರೆಯಬೇಕು.

ಅದಿರಿನ ಲಾರಿಗಳ ಕಥೆ ಗೊತ್ತಿರುವುದೇ. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ಬೆನ್ನಿಗೇ 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಷರತ್ತಿನ ಮೇಲೆ ಮತ್ತೆ ಶುರುವಾಯಿತು. ಅದಿರನ್ನು ರಸ್ತೆಯಿಂದ ಕನ್ವೇಯರಿಗೆ, ರೈಲಿಗೆ ಸಾಗಹಾಕುವುದನ್ನು ಪರಿಸರದ ಕ್ರಮವೆಂದು ಎಲ್ಲರೂ ಒಪ್ಪುತ್ತಾರೆ. ಇದು ಕಾಲ್ನಡಿಗೆಯವರ ಸುರಕ್ಷತೆಯ ಕ್ರಮವೂ ಹೌದು. ಒಂದು ಗೂಡ್ಸ್ ರೇಕಿನಲ್ಲಿ ಸುಮಾರು 3,700 ಟನ್ ಅದಿರು ಹೋದರೆ 25 ಟನ್ನಿನ ಲೆಕ್ಕದಲ್ಲಿ ಸುಮಾರು 150 ಲಾರಿ ರಸ್ತೆಯಿಂದ ಕಡಿಮೆ. ಖಾಲಿ ಮರಳುವುದನ್ನು ಸೇರಿಸಿದರೆ 300 ಓಡಾಟ. ಕ್ರಾಸಿನಲ್ಲಿ ನಿಂತವನಿಗೆ ಅಷ್ಟು ಬಿಡುವು ಸಿಕ್ಕಂತೆ. ಹೊಸಪೇಟೆ–ಸಂಡೂರು ರಸ್ತೆಯ ಘಾಟಿನ ತಿರುವುಗಳಲ್ಲಿ ಈ ಬಿಡುವಿನ ಬೆಲೆ ಇನ್ನೂ ಹೆಚ್ಚು.

ಹಣದ ಮಾತು ಬಂದಾಗ ಇಲ್ಲಿ ಬಡತನದ ಸಬೂಬು ನಡೆಯದು. ಗಣಿಯಿಂದ ಹಾನಿಗೊಳಗಾದ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕಾಗಿ ಸುಮಾರು 25 ಸಾವಿರ ಕೋಟಿ ರೂಪಾಯಿಯ ಸಮಗ್ರ ಯೋಜನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿಗೆ ಕೊಟ್ಟು, ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರ ಮೇಲ್ವಿಚಾರಣೆಗೆ ಒಪ್ಪಿಸಿದೆ. ಅದನ್ನು ಜಾರಿಗೆ ತರಲು 2014ರಲ್ಲೇ ಒಂದು ನಿಗಮವೂ ಹುಟ್ಟಿದೆ. ರಸ್ತೆಗೂ ಅದರಲ್ಲಿ ಪಾಲಿದೆ. ರಸ್ತೆಯೆಂದರೆ ಡಾಂಬರೆಂದೇ ಓದಿಕೊಳ್ಳುವ ರೂಢಿ ಬಿಟ್ಟು, ಶಾಲೆ ಮತ್ತು ಬಸ್ ಕ್ರಾಸುಗಳ ಬಳಿ 1.8 ಮೀಟರ್ ಅಗಲದ ಪಾದಚಾರಿ ದಾರಿ, ದೀಪ, ಡಿವೈಡರಿನಲ್ಲಿ ನಿಂತು ಸುಧಾರಿಸಿಕೊಳ್ಳುವ ಜಾಗ ಇವನ್ನೂ ಅದೇ ಬಾಬಿನಲ್ಲಿ ಸೇರಿಸಬಹುದು. 1.8 ಮೀಟರ್ ಎಂಬುದು ನನ್ನ ಆಸೆಯ ಅಳತೆಯಲ್ಲ, ಐಆರ್‌ಸಿಯ 103ನೇ ಸಂಹಿತೆ ಹೇಳುವ ಕನಿಷ್ಠ.

ಕಂಪ್ಲಿ ರಸ್ತೆ, ಹಂಪಿಯ ನೆರಳು

ಕಂಪ್ಲಿ ರಸ್ತೆಯ ಕಷ್ಟ ಬೇರೆ. ಕಿರಿದಾದ ರಸ್ತೆ, ತಿಂದುಹೋದ ಅಂಚು, ಸುಗ್ಗಿಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರು, ನಾಟಿ ಕಾಲದಲ್ಲಿ ನಸುಕಿಗೇ ಹೊರಡುವ ಕೂಲಿ ಹೆಣ್ಣುಮಕ್ಕಳ ಲಗೇಜ್ ಆಟೋ. ಕಂಪ್ಲಿಗೆ ರೈಲಿಲ್ಲ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿ ಕಡೆಯ ಹಳೆಯ ಸೇತುವೆ ಮುಳುಗಿ ವಾಹನಗಳು ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ದಾರಿ ಹಿಡಿಯುತ್ತವೆ. ಆಗ ಹಳ್ಳಿಯ ಮುಂದಿನ ರಸ್ತೆ ಒಂದೇ ದಿನದಲ್ಲಿ ಹೆದ್ದಾರಿಯ ಭಾರ ಹೊರಬೇಕು.

ಈ ರಸ್ತೆಯ ಒಂದು ಭಾಗ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿಯ ಪ್ರದೇಶದಲ್ಲೇ ಹಾಯುತ್ತದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ರಸ್ತೆ ಅಗಲಿಸುವುದು ಸುಲಭವಲ್ಲ, ಅಗಲಿಸಬಾರದು ಕೂಡ. ಹಂಪಿಯಲ್ಲಿ ಎರಡು ಸೇತುವೆಗಳ ಗಲಾಟೆಯಿಂದ 1999ರಲ್ಲಿ ಈ ತಾಣ ಯುನೆಸ್ಕೋದ ಅಪಾಯದ ಪಟ್ಟಿಗೆ ಸೇರಿ 2006ರವರೆಗೆ ಅಲ್ಲೇ ಇತ್ತು. ಭಾರೀ ವಾಹನ ಊರೊಳಗೆ ನುಗ್ಗಿದರೆ ಏನಾದೀತೆಂಬ ಆತಂಕ ಅದರ ಹಿಂದಿತ್ತು. ಆಮೇಲೆ ಹಂಪಿಯ ಆಡಳಿತ ಒಂದು ಒಳ್ಳೆಯ ಕೆಲಸ ಮಾಡಿತು. ವಿಜಯ ವಿಠಲ ದೇವಾಲಯಕ್ಕೆ ಹೋಗುವ ವಾಹನಗಳನ್ನು ಗೆಜ್ಜಲ ಮಂಟಪದ ಬಳಿ ನಿಲ್ಲಿಸಿ, ಅಲ್ಲಿಂದ ನಡೆದು ಅಥವಾ ಬ್ಯಾಟರಿ ವಾಹನದಲ್ಲಿ ಹೋಗುವ ಏರ್ಪಾಟು ಅದು. ಗೊಣಗಿದವರಿದ್ದರು, ಒಗ್ಗಿಕೊಂಡರು. ಆ ದೇವಾಲಯದ ಕಲ್ಲಿನ ರಥಕ್ಕಾಗಿ ವಾಹನಕ್ಕೆ ಕಡಿವಾಣ ಹಾಕಲು ಸಾಧ್ಯವಾದ ಆಡಳಿತಕ್ಕೆ ಕಮಲಾಪುರದ ಪೇಟೆಯಲ್ಲಿ, ಬುಕ್ಕಸಾಗರದ ಶಾಲೆಯೆದುರು ವೇಗವನ್ನು 30ಕ್ಕೆ ಇಳಿಸಲು ಆಗದೆ? ಅಗಲಿಸಲಾಗದ ರಸ್ತೆಯಲ್ಲಿ ಉಳಿದಿರುವ ಉಪಾಯ ವೇಗ ಇಳಿಸುವುದೊಂದೇ. ಅವೈಜ್ಞಾನಿಕ ಹಂಪ್ಸುಗಳ ಬದಲು ಐಆರ್‌ಸಿಯ 99ನೇ ಸಂಹಿತೆಯ ಪ್ರಕಾರ ಎತ್ತರಿಸಿದ ದಾಟುವ ಜಾಗಗಳನ್ನು ಮಾಡಿದರೆ ಟ್ರ್ಯಾಕ್ಟರೂ ಒಡೆಯದು, ಬೈಕೂ ಬೀಳದು.

ಸೈಕಲ್ಲಿಗೆ ಇಲ್ಲಿ ಇನ್ನೊಂದು ಸಾಧ್ಯತೆ ಇದೆ. ರಾಯ, ಬಸವ, ತುರ್ತು ಕಾಲುವೆಗಳು ವಿಜಯನಗರದ ಕಾಲದಿಂದ ಹೊಸಪೇಟೆ–ಕಮಲಾಪುರ–ಹಂಪಿ ಬಯಲನ್ನು ಹೆಣೆದುಕೊಂಡಿವೆ. ಕಾಲುವೆಯ ಏರಿಯ ಮೇಲಿನ ದಾರಿಯಲ್ಲಿ ರೈತರು ಈಗಲೂ ಓಡಾಡುತ್ತಾರೆ. ಆಯ್ದ ಕಡೆ ಅದನ್ನು ಸಮಗೊಳಿಸಿ, ನೀರಿನ ಬದಿಗೆ ತಡೆ ಹಾಕಿದರೆ ಶಾಲೆಯ ಹುಡುಗರು ಮುಖ್ಯರಸ್ತೆ ತಪ್ಪಿಸಬಹುದು. 2006–07ರಲ್ಲಿ ಶುರುವಾದ ಎಂಟನೇ ತರಗತಿಯ ಉಚಿತ ಸೈಕಲ್ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು. ಸೈಕಲ್ ಕೊಟ್ಟ ವರ್ಷಗಳಲ್ಲೂ ಅದನ್ನು ತುಳಿಯುವ ದಾರಿಯಾಗಲಿ, ಬಸ್ ಕ್ರಾಸಿನಲ್ಲಿ ಬೀಗ ಹಾಕಿ ನಿಲ್ಲಿಸುವ ಸ್ಟ್ಯಾಂಡಾಗಲಿ ಯೋಜನೆಯ ಭಾಗವಾಗಿರಲಿಲ್ಲ.

ಎಣಿಕೆಗೆ ಸಿಗದ ಸಾವು

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491. ಅವರಲ್ಲಿ ಕಾಲ್ನಡಿಗೆಯವರು 32,825. ಒಟ್ಟು ರಸ್ತೆಯ ಉದ್ದದಲ್ಲಿ ನೂರಕ್ಕೆ ಎರಡರಷ್ಟೇ ಇರುವ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸತ್ತವರ ಪಾಲು 36ಕ್ಕೂ ಹೆಚ್ಚು. ಕೇಂದ್ರ ಸಾರಿಗೆ ಸಚಿವಾಲಯದ ಈ ವರದಿ ಸತ್ತವರನ್ನು ಕಾಲ್ನಡಿಗೆ, ಸೈಕಲ್, ದ್ವಿಚಕ್ರ, ಕಾರು, ಬಸ್ಸು ಎಂದು ವಿಂಗಡಿಸುತ್ತದೆ. ಬಸ್ಸಿಳಿದು ಮನೆಗೆ ಹೋಗುವಾಗ ಸತ್ತವರು ಕಾಲ್ನಡಿಗೆಯ ಕಾಲಮ್ಮಿಗೆ ಸೇರುತ್ತಾರೆ, ಬಸ್ಸಿನ ಕಾಲಮ್ಮಿಗೆ ಬರುವುದಿಲ್ಲ. ಹಾಗಾಗಿ ಸಾರಿಗೆ ನಿಗಮದ ಸುರಕ್ಷತಾ ದಾಖಲೆಗೆ ಅವರಿಂದ ಏನೂ ಆಗದು, ನಿಲುಗಡೆಯ ಜಾಗವನ್ನು ಪ್ರಶ್ನಿಸುವ ಸಂದರ್ಭವೂ ಬಾರದು.

"ಬ್ಲ್ಯಾಕ್ ಸ್ಪಾಟ್" ಪದ್ಧತಿಯೂ ಇವರನ್ನು ಹಿಡಿಯದು. ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಐದು ಗಂಭೀರ ಅಪಘಾತ ಅಥವಾ ಹತ್ತು ಸಾವು ಆದರೆ ಮಾತ್ರ ಆ ಹೆಸರು. ಹೆದ್ದಾರಿಯುದ್ದಕ್ಕೂ ಇಪ್ಪತ್ತು ಕ್ರಾಸುಗಳಿದ್ದು, ಮೂರು ವರ್ಷದಲ್ಲಿ ಒಂದೊಂದರಲ್ಲಿ ಒಬ್ಬೊಬ್ಬರು ಸತ್ತರೆಂದು ಇಟ್ಟುಕೊಳ್ಳಿ. ಇಪ್ಪತ್ತು ಹೆಣ ಬಿದ್ದರೂ ಬ್ಲ್ಯಾಕ್ ಸ್ಪಾಟ್ ಒಂದೂ ಆಗದು. ಚದುರಿದ ಸಾವು ಆಡಳಿತಕ್ಕೆ ಕಾಣದು. ಹೀಗಾಗಿ ಜಾಗವನ್ನು ಸಾವಿನಿಂದ ಹುಡುಕುವುದು ಬಿಟ್ಟು ಬಗೆಯಿಂದ ಹುಡುಕಬೇಕು: ನಿಲುಗಡೆಯಿರುವ, ದೀಪವಿಲ್ಲದ, ಡಿವೈಡರಿನಲ್ಲಿ ನಿಲ್ಲಲು ಜಾಗವಿಲ್ಲದ ಕ್ರಾಸು ಎಂದರೆ ಅಲ್ಲಿ ಯಾರೂ ಸಾಯದಿದ್ದರೂ ದುರಸ್ತಿಗೆ ಅರ್ಹ.

ಇದು ಕನಸಿನ ಮಾತಲ್ಲ ಎನ್ನಲು ಕರ್ನಾಟಕದಲ್ಲೇ ನಿದರ್ಶನವಿದೆ. ವಿಶ್ವಬ್ಯಾಂಕ್ ನೆರವಿನ ರಾಜ್ಯ ಹೆದ್ದಾರಿ ಯೋಜನೆಯಡಿ ಬೆಳಗಾವಿ–ಯರಗಟ್ಟಿ ನಡುವಿನ ಸುಮಾರು 60 ಕಿ.ಮೀ. ರಸ್ತೆಯನ್ನು ಮಾದರಿ ಸುರಕ್ಷಿತ ರಸ್ತೆಯಾಗಿ ಮಾಡಿದಾಗ ಎಂಜಿನಿಯರಿಂಗ್, ಪೊಲೀಸ್ ಗಸ್ತು, ಆಂಬ್ಯುಲೆನ್ಸ್ ಮೂರನ್ನೂ ಒಟ್ಟಿಗೆ ತಂದರು. ಸಾವು ಅರ್ಧದಷ್ಟು ಇಳಿದದ್ದು ವರದಿಯಾಗಿದೆ. ಅಲ್ಲಿ ಇಲಾಖೆಗಳು ಒಂದೇ ಮೇಜಿನ ಸುತ್ತ ಕೂತವು.

ಹೊಸಪೇಟೆಯ ಸುತ್ತ ಆ ಮೇಜು ಎರಡಾಗಿದೆ. ಹೆದ್ದಾರಿಯ ಡಾಂಬರು ರಾಷ್ಟ್ರೀಯ ಹೆದ್ದಾರಿಯವರದು, ನಿಲುಗಡೆ ಸಾರಿಗೆ ನಿಗಮದ್ದು, ಹಳ್ಳಿಯ ರಸ್ತೆ ಪಂಚಾಯತ್ ರಾಜ್ ಅಥವಾ ಲೋಕೋಪಯೋಗಿಯದು, ದೀಪ ಪಂಚಾಯಿತಿಯದು, ತಂಗುದಾಣ ಶಾಸಕರ ನಿಧಿಯದು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇವರನ್ನೆಲ್ಲ ಕರೆಯಬಹುದು, ಆದರೆ ಗಾದಿಗನೂರಿನ ಕ್ರಾಸಿಗೆ ಒಂದು ಸಮಿತಿ, ಅದೇ ಬಸ್ಸು ಮುಂದೆ ನಿಲ್ಲುವ ತೋರಣಗಲ್ಲಿಗೆ ಇನ್ನೊಂದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಇದಕ್ಕೆ ಒಂದು ಹಿಡಿ ಕೊಟ್ಟಿದೆ: 138(1ಎ) ಪ್ರಕಾರ ಕಾಲ್ನಡಿಗೆಯವರು ಮತ್ತು ಯಂತ್ರವಿಲ್ಲದ ವಾಹನಗಳ ಬಗ್ಗೆ, ರಾಷ್ಟ್ರೀಯ ಹೆದ್ದಾರಿಗೂ ಅನ್ವಯಿಸುವಂತೆ, ನಿಯಮ ಮಾಡುವ ಅಧಿಕಾರ ರಾಜ್ಯದ್ದು. 198ಎ ಕಲಮಿನಲ್ಲಿ ವಿನ್ಯಾಸದ ಮಾನದಂಡ ಪಾಲಿಸದೆ ಸಾವು ಸಂಭವಿಸಿದರೆ ಹೊಣೆಗಾರರಿಗೆ ಒಂದು ಲಕ್ಷದವರೆಗೆ ದಂಡವೂ ಇದೆ. ಎಸ್. ರಾಜಸೀಕರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಪಾದಚಾರಿ ಮಾರ್ಗದ ಹಕ್ಕು ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆಂದು ಹೇಳಿ, ಅಕ್ಟೋಬರಿನಲ್ಲಿ ಈ ನಿಯಮಗಳನ್ನು ಆರು ತಿಂಗಳಲ್ಲಿ ಮಾಡುವಂತೆ ರಾಜ್ಯಗಳಿಗೆ ಸೂಚಿಸಿತು. ಕರ್ನಾಟಕದ ನಿಯಮಗಳಲ್ಲಿ ನಗರದ ಫುಟ್‌ಪಾತಿನ ಜೊತೆ ಹೆದ್ದಾರಿಯ ಬಸ್ ಕ್ರಾಸಿಗೂ ಒಂದು ಅಧ್ಯಾಯ ಬೇಕು. ನಿಲುಗಡೆ ಮತ್ತು ದಾಟುವ ಜಾಗ ಎರಡನ್ನೂ ಒಂದೇ ಕಾಮಗಾರಿಯಾಗಿ, ಒಬ್ಬರೇ ಎಂಜಿನಿಯರಿನ ಸಹಿಯಲ್ಲಿ ಮಾಡುವಂತೆ.

ಹುಣ್ಣಿಮೆಗೆ ಹುಲಿಗಿಗೆ, ತೇರಿನ ಹೊತ್ತಿಗೆ ಕೊಟ್ಟೂರಿಗೆ ಪಾದಯಾತ್ರೆ ಹೊರಡುವವರ ವಿಷಯ ಬೇರೆಯೇ ಬರೆಯಬೇಕಾದದ್ದು. ಅವರು ರಸ್ತೆ ದಾಟುವುದಕ್ಕಿಂತ ರಸ್ತೆಯುದ್ದಕ್ಕೂ ನಡೆಯುವವರು, ಅದೂ ರಾತ್ರಿ.

ಕಾಸು ಖರ್ಚಿಲ್ಲದ ಒಂದು ಕ್ರಮವನ್ನು ನಾಳೆಯೇ ಶುರುಮಾಡಬಹುದು. ಹೊಸಪೇಟೆ ವಿಭಾಗದ ಡಿಪೊಗಳಿಂದ ಚಾಲಕರಿಗೆ ಒಂದು ಸುತ್ತೋಲೆ: ಕ್ರಾಸಿಗೆ ಬಂದಾಗ ದಾಟುವ ಜಾಗವನ್ನು ಕಳೆದು ಮೂವತ್ತು ಮೀಟರ್ ಮುಂದೆ ನಿಲ್ಲಿಸಬೇಕು, ಸರ್ವಿಸ್ ರಸ್ತೆಯಿರುವ ಊರಲ್ಲಿ ಅದರ ಮೇಲೆಯೇ ಹೋಗಬೇಕು, ಅದಕ್ಕೆ ತಗಲುವ ನಿಮಿಷಗಳನ್ನು ರನ್ನಿಂಗ್ ಟೈಮಿಗೆ ಸೇರಿಸಲಾಗಿದೆ. ಮೊದಲ ತಿಂಗಳು ಪಾಪಿನಾಯಕನಹಳ್ಳಿ, ಮರಿಯಮ್ಮನಹಳ್ಳಿ, ತೋರಣಗಲ್ಲು, ಕಮಲಾಪುರ ನಾಲ್ಕೇ ಊರುಗಳಲ್ಲಿ ಮಾಡಿ, ಕಂಡಕ್ಟರುಗಳಿಂದಲೇ ವರದಿ ಬರೆಸಿಕೊಂಡರೆ ಸಾಕು.